ಒಂದು ಕಂಪನಿಯ ಹತ್ತು ವರ್ಷದ ಪಿಇ ಓದುವುದು ಹೇಗೆ?

ಒಂದು ಕಂಪನಿಯ ಪಿಇ (ಷೇರಿನ ಬೆಲೆ ಅದರ ಪಾಲಿನ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಸಂಖ್ಯೆ) 25 ಎಂದು ಯಾರಾದರೂ ಹೇಳಿದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಅದು ಜಾಸ್ತಿಯೋ, ಕಡಿಮೆಯೋ? ಅದೇ ಕಂಪನಿ ಕಳೆದ ಹತ್ತು ವರ್ಷಗಳಲ್ಲಿ ಯಾವಾಗ 15ಕ್ಕೆ ಇಳಿದಿತ್ತು, ಯಾವಾಗ 40ಕ್ಕೆ ಏರಿತ್ತು ಎಂದು ನೋಡಬೇಕು. ಪ್ರತಿ ಸಲ ಅಲುಗಿದ್ದು ಷೇರಿನ ಬೆಲೆಯೋ ಕಂಪನಿಯ ಲಾಭವೋ ಎಂದು ಕೇಳಬೇಕು. ಆಮೇಲೆ ಆ 25ಕ್ಕೆ ಅರ್ಥ ಬರುತ್ತದೆ.

ಲೆಕ್ಕ ಸುಲಭ. ಷೇರಿನ ಬೆಲೆಯನ್ನು ಇಪಿಎಸ್‌ನಿಂದ, ಅಂದರೆ ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ, ಭಾಗಿಸಿದರೆ ಆಯಿತು. ಬೆಲೆ 500, ಇಪಿಎಸ್ 20 ಆದರೆ ಪಿಇ 25. ತೊಂದರೆ ಶುರುವಾಗುವುದು ಇದನ್ನು ಗ್ರಾಫ್ ಮಾಡಿದಾಗ. ಕಣ್ಣಿಗೆ ಕಾಣುವುದು ಒಂದೇ ಗೆರೆ, ಆದರೆ ಅದರೊಳಗೆ ಎರಡು ಗೆರೆಗಳು ಅಡಗಿವೆ. ಪಿಇ 25ರಿಂದ 50ಕ್ಕೆ ಹೋಯಿತು ಅಂದರೆ ಬೆಲೆ ದುಪ್ಪಟ್ಟಾಗಿರಬಹುದು, ಇಲ್ಲವೇ ಲಾಭ ಅರ್ಧಕ್ಕೆ ಕುಸಿದಿರಬಹುದು. ಎರಡೂ ಸಂದರ್ಭದಲ್ಲಿ ಗೆರೆ ಏರುವ ರೀತಿ ಒಂದೇ. ಈ ಎರಡನ್ನು ಬಿಡಿಸಿ ನೋಡುವುದೇ ಮುಂದಿನ ಹಂತಗಳ ಕೆಲಸ. ಬೇಕಾಗುವುದು ಒಂದು ಎಕ್ಸೆಲ್ ಹಾಳೆ, ಕಂಪನಿಯ ವಾರ್ಷಿಕ ವರದಿಗಳು, ಸ್ವಲ್ಪ ತಾಳ್ಮೆ.

ಹಂತ 1: ಅಂಕಿ ಅಂಶ ಒಟ್ಟು ಮಾಡಿ

ಕನಿಷ್ಠ ಹತ್ತು ವರ್ಷದ ಮಾಹಿತಿ ತೆಗೆದುಕೊಳ್ಳಿ. ಐದು ವರ್ಷ ಸಾಲದು. ಆ ಐದೂ ವರ್ಷ ಒಳ್ಳೆಯ ಕಾಲವೇ ಆಗಿದ್ದರೆ, ಕೆಟ್ಟ ಕಾಲದಲ್ಲಿ ಈ ಕಂಪನಿ ಹೇಗಿರುತ್ತದೆ ಎಂಬುದು ಗೊತ್ತೇ ಆಗುವುದಿಲ್ಲ.

ಪ್ರತಿ ತಿಂಗಳ ಕೊನೆಯ ಬೆಲೆ ಮತ್ತು ಪ್ರತಿ ತ್ರೈಮಾಸಿಕದ ಇಪಿಎಸ್ ಬೇಕು. ಇಪಿಎಸ್‌ನಲ್ಲಿ ಬೇಸಿಕ್, ಡೈಲ್ಯೂಟೆಡ್ ಎಂದು ಎರಡು ಇರುತ್ತವೆ. ಡೈಲ್ಯೂಟೆಡ್ ಆರಿಸಿಕೊಳ್ಳಿ. ನೌಕರರಿಗೆ ಕೊಟ್ಟ ಷೇರು ಆಯ್ಕೆಗಳು, ಷೇರಾಗಿ ಬದಲಾಗಬಲ್ಲ ಸಾಲಪತ್ರಗಳು ಎಲ್ಲ ಅದರಲ್ಲಿ ಲೆಕ್ಕಕ್ಕೆ ಬಂದಿರುತ್ತವೆ. ಅಂಗಸಂಸ್ಥೆಗಳು ಇರುವ ಕಂಪನಿಯಾದರೆ ಕನ್ಸಾಲಿಡೇಟೆಡ್ ಲೆಕ್ಕವನ್ನೇ, ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕವನ್ನೇ, ನೋಡಿ. ಸ್ಟ್ಯಾಂಡಲೋನ್, ಅಂದರೆ ಮೂಲ ಕಂಪನಿಯದ್ದು ಮಾತ್ರ ಇರುವ, ಲೆಕ್ಕದಲ್ಲಿ ಅಂಗಸಂಸ್ಥೆಗಳು ಗಳಿಸಿದ ಲಾಭದ ಹೆಚ್ಚಿನ ಭಾಗ ಬಿಟ್ಟುಹೋಗುತ್ತದೆ. ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಭಾರತದ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ನಿಫ್ಟಿ 50 ಒಳ್ಳೆಯ ಉದಾಹರಣೆ. 2021ರ ಮಾರ್ಚ್ ಕೊನೆಯಲ್ಲಿ ಅದರ ಪಿಇಯನ್ನು ಸ್ಟ್ಯಾಂಡಲೋನ್ ಬದಲು ಕನ್ಸಾಲಿಡೇಟೆಡ್ ಲಾಭದ ಮೇಲೆ ಲೆಕ್ಕ ಹಾಕಲು ಶುರು ಮಾಡಿದರು. ಸುಮಾರು 40 ಇದ್ದ ಪಿಇ ಒಂದೇ ದಿನದಲ್ಲಿ 33ರ ಹತ್ತಿರಕ್ಕೆ ಇಳಿಯಿತು. ಷೇರುಗಳೇನೂ ಅಗ್ಗವಾಗಿರಲಿಲ್ಲ, ಲೆಕ್ಕದ ರೀತಿ ಬದಲಾಗಿತ್ತು ಅಷ್ಟೇ. ಆ ದಿನದ ಆಚೆ ಈಚೆಯ ಅಂಕಿಗಳನ್ನು ಒಂದೇ ಗೆರೆಯಲ್ಲಿ ಹಾಕಿ ಹೋಲಿಸುವವರು ಇಂದಿಗೂ ಇದ್ದಾರೆ.

ಇನ್ನೊಂದು, ಸ್ಪ್ಲಿಟ್ (ಒಂದು ಷೇರನ್ನು ಒಡೆದು ಹಲವು ಮಾಡುವುದು) ಮತ್ತು ಬೋನಸ್ (ಇರುವ ಷೇರುಗಳಿಗೆ ಉಚಿತವಾಗಿ ಹೊಸ ಷೇರು ಕೊಡುವುದು). ಕಂಪನಿ ಒಂದು ಷೇರನ್ನು ಎರಡು ಮಾಡಿದರೆ ಬೆಲೆಯೂ ಇಪಿಎಸ್ಸೂ ಅರ್ಧ ಆಗುತ್ತವೆ. ವೆಬ್‌ಸೈಟ್‌ಗಳು ಹಳೆಯ ಬೆಲೆಯನ್ನು ತಾವಾಗಿಯೇ ಸರಿಪಡಿಸಿ ಕೊಡುತ್ತವೆ. ಹಳೆಯ ವಾರ್ಷಿಕ ವರದಿಯಲ್ಲಿ ಅಚ್ಚಾದ ಇಪಿಎಸ್ ಮಾತ್ರ ಹಾಗೆಯೇ ಇರುತ್ತದೆ. ಸರಿಪಡಿಸಿದ ಬೆಲೆಗೆ ಸರಿಪಡಿಸದ ಇಪಿಎಸ್ ಹಾಕಿದರೆ ಪಿಇ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಬೆಲೆಯಲ್ಲೂ ಒಂದು ಎಚ್ಚರಿಕೆ ಬೇಕು. ಕೆಲವು ಕಡೆ ಡಿವಿಡೆಂಡ್ (ಷೇರುದಾರರಿಗೆ ಹಂಚಿದ ಲಾಭ) ಕಳೆದು ಸರಿಪಡಿಸಿದ ಬೆಲೆ ಇರುತ್ತದೆ. ಪಿಇಗೆ ಅದು ಬೇಡ, ಸ್ಪ್ಲಿಟ್‌ಗೂ ಬೋನಸ್‌ಗೂ ಮಾತ್ರ ಸರಿಪಡಿಸಿದ ಬೆಲೆ ಸಾಕು.

ಹಂತ 2: ಯಾವ ದಿನಕ್ಕೆ ಯಾವ ಲಾಭ?

ಪಿಇಗೆ ಬಳಸುವುದು ಕಳೆದ ನಾಲ್ಕು ತ್ರೈಮಾಸಿಕಗಳ ಇಪಿಎಸ್ ಮೊತ್ತ. ಇದನ್ನು ಟಿಟಿಎಂ ಎನ್ನುತ್ತಾರೆ. ಆರು ತಿಂಗಳಿಗೊಮ್ಮೆ ಮಾತ್ರ ಲೆಕ್ಕ ಕೊಡುವ ಕಂಪನಿಯಾದರೆ, ಹಿಂದಿನ ಪೂರ್ತಿ ವರ್ಷದ ಇಪಿಎಸ್‌ಗೆ ಈ ಅರ್ಧ ವರ್ಷದ್ದನ್ನು ಕೂಡಿಸಿ, ಹೋದ ವರ್ಷದ ಇದೇ ಅರ್ಧದ್ದನ್ನು ಕಳೆಯಿರಿ.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಮಾರ್ಚ್‌ಗೆ ಮುಗಿದ ತ್ರೈಮಾಸಿಕದ ಫಲಿತಾಂಶ ಬರುವುದು ಮೇ ತಿಂಗಳಲ್ಲಿ ಎಂದಿಟ್ಟುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಷೇರು ಕೊಂಡವರಿಗೆ ಆ ಲಾಭ ಗೊತ್ತೇ ಇರಲಿಲ್ಲ. ಹಾಗಾಗಿ ಏಪ್ರಿಲ್ ಬೆಲೆಗೆ ಡಿಸೆಂಬರ್‌ವರೆಗಿನ ಇಪಿಎಸ್ ಹಾಕಬೇಕು, ಮೇ ಕೊನೆಯ ಬೆಲೆಗೆ ಮಾರ್ಚ್‌ವರೆಗಿನದು. ಹೀಗೆ ಮಾಡದಿದ್ದರೆ, ಆಗ ಯಾರಿಗೂ ಗೊತ್ತಿರದ ಸಂಗತಿಯನ್ನು ಆಗಲೇ ಗೊತ್ತಿತ್ತು ಎಂಬಂತೆ ಹಾಳೆ ತೋರಿಸುತ್ತದೆ. ಲಾಭ ಧುತ್ತೆಂದು ಏರುವ ಅಥವಾ ಬೀಳುವ ಕಂಪನಿಗಳಲ್ಲಿ ಈ ಒಂದೆರಡು ತಿಂಗಳ ತಪ್ಪು ದೊಡ್ಡದಾಗುತ್ತದೆ. ಅದಕ್ಕೇ ಹಾಳೆಯಲ್ಲಿ ‘ಫಲಿತಾಂಶ ಬಂದ ದಿನ’ ಎಂದು ಒಂದು ಕಾಲಂ ಇಟ್ಟುಕೊಳ್ಳಿ.

ಹಂತ 3: ಲಾಭವನ್ನು ಸೋಸಿ ನೋಡಿ

ನನ್ನ ಪ್ರಕಾರ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಬೆಲೆ ಬಗ್ಗೆ ವಾದ ಇಲ್ಲ, ಅದು ಮಾರುಕಟ್ಟೆಯಲ್ಲಿ ನಡೆದ ವ್ಯವಹಾರ. ಲಾಭ ಹಾಗಲ್ಲ. ಅದರಲ್ಲಿ ಅಂದಾಜು, ನಿಯಮ, ಒಮ್ಮೆ ಮಾತ್ರ ಬರುವ ಖರ್ಚು ಎಲ್ಲ ಬೆರೆತಿರುತ್ತವೆ.

ಮೈಕ್ರೋಸಾಫ್ಟ್‌ನ 2018ರ ಲೆಕ್ಕ ನೋಡಿ. ಅಮೆರಿಕದ ತೆರಿಗೆ ಕಾನೂನು 2017ರ ಕೊನೆಯಲ್ಲಿ ಬದಲಾಯಿತು. ಅದರಿಂದಾಗಿ ಕಂಪನಿ ಒಂದೇ ತ್ರೈಮಾಸಿಕದಲ್ಲಿ 1,380 ಕೋಟಿ ಡಾಲರ್ ತೆರಿಗೆಗೆಂದು ಬರೆದಿಟ್ಟಿತು. ಆ ತ್ರೈಮಾಸಿಕದಲ್ಲಿ 630 ಕೋಟಿ ಡಾಲರ್ ನಷ್ಟ ಕಂಡಿತು. 2018ರ ಜೂನ್‌ಗೆ ಮುಗಿದ ಪೂರ್ತಿ ವರ್ಷದ ಇಪಿಎಸ್ 2.13 ಡಾಲರ್ ಆಯಿತು. ಈ ತೆರಿಗೆ ಬದಲಾವಣೆಯ ಪರಿಣಾಮ ಬಿಟ್ಟು ನೋಡಿದರೆ ಅದು 3.88. ಆ ಜೂನ್ ಕೊನೆಯ ಬೆಲೆ 98.61 ಡಾಲರ್. ಮೊದಲ ಲೆಕ್ಕದಲ್ಲಿ ಪಿಇ 46, ಎರಡನೆಯದರಲ್ಲಿ 25. ಅದೇ ಕಂಪನಿ, ಅದೇ ದಿನ, ಅದೇ ಬೆಲೆ! ಈ ಹಿನ್ನೆಲೆ ಗೊತ್ತಿಲ್ಲದೆ ಗ್ರಾಫ್ ನೋಡಿದವರಿಗೆ 2018ರಲ್ಲಿ ಒಂದು ಎತ್ತರದ ಗುಡ್ಡ ಕಾಣುತ್ತದೆ. ಷೇರು ದುಬಾರಿಯಾಗಿತ್ತು ಅಂತ ಅವರು ತೀರ್ಮಾನಕ್ಕೂ ಬರುತ್ತಾರೆ.

ಬರ್ಕ್‌ಷೈರ್ ಹ್ಯಾಥವೇಯ ಕಥೆ ಇನ್ನೂ ವಿಚಿತ್ರ. 2018ರಿಂದ ಅಮೆರಿಕದ ಲೆಕ್ಕಪತ್ರ ನಿಯಮದ ಪ್ರಕಾರ, ಕಂಪನಿಯ ಕೈಯಲ್ಲಿರುವ ಷೇರುಗಳ ಬೆಲೆ ಏರಿದರೂ ಇಳಿದರೂ ಅದನ್ನು ಮಾರದಿದ್ದಾಗಲೂ ಲಾಭ ನಷ್ಟದಲ್ಲಿ ತೋರಿಸಬೇಕು. ಹಾಗಾಗಿ 2022ರಲ್ಲಿ ಬರ್ಕ್‌ಷೈರ್ 2,280 ಕೋಟಿ ಡಾಲರ್ ನಷ್ಟ ತೋರಿಸಿತು. ಮರುವರ್ಷವೇ 9,620 ಕೋಟಿ ಡಾಲರ್ ಲಾಭ! ಅದರ ವಿಮೆ, ರೈಲು, ವಿದ್ಯುತ್ ಮುಂತಾದ ವ್ಯವಹಾರಗಳ ಗಳಿಕೆ ಆ ಎರಡು ವರ್ಷಗಳಲ್ಲಿ ಸುಮಾರು 3,100 ಕೋಟಿಯಿಂದ 3,700 ಕೋಟಿ ಡಾಲರ್‌ಗೆ ಹೋಗಿತ್ತು ಅಷ್ಟೇ. ಇಂಥ ಕಂಪನಿಯ ಅಚ್ಚಾದ ಪಿಇ ಗ್ರಾಫನ್ನು ಸುಮ್ನೆ ಪಕ್ಕಕ್ಕಿಡುವುದು ಒಳ್ಳೆಯದು.

ಹಾಗಾಗಿ ಎರಡು ಇಪಿಎಸ್ ಕಾಲಂ ಇಡಿ. ಒಂದು ವರದಿಯಲ್ಲಿ ಇದ್ದ ಹಾಗೆ, ಇನ್ನೊಂದು ಸೋಸಿದ್ದು. ಆಸ್ತಿ ಮಾರಾಟದ ಲಾಭ, ದೊಡ್ಡ ದಂಡ, ತೆರಿಗೆಯ ಒಂದು ಸಲದ ಪೆಟ್ಟು, ಮುಚ್ಚಿದ ವಿಭಾಗದ ನಷ್ಟ, ಇವನ್ನು ಎರಡನೆಯದರಿಂದ ತೆಗೆಯಿರಿ. ತೆಗೆದದ್ದು ಏನು, ಏಕೆ ಎಂದು ಪಕ್ಕದಲ್ಲೇ ಬರೆದಿಡಿ. ಒಂದು ಮಾತು ನೆನಪಿರಲಿ: ಪ್ರತಿ ವರ್ಷವೂ ‘ಈ ಸಲ ಮಾತ್ರ’ ಎಂದು ಬರುವ ಖರ್ಚು ಆ ಕಂಪನಿಯ ಮಾಮೂಲಿ ಖರ್ಚು. ಅದನ್ನು ತೆಗೆಯಬೇಡಿ. ನೌಕರರಿಗೆ ಷೇರು ರೂಪದಲ್ಲಿ ಕೊಡುವ ಸಂಬಳವೂ ಖರ್ಚೇ, ಕಂಪನಿ ತನ್ನ ಪ್ರಕಟಣೆಯಲ್ಲಿ ಏನೇ ಹೇಳಲಿ.

ಹಂತ 4: ನಷ್ಟದ ವರ್ಷಗಳು ಮತ್ತು ಸರಾಸರಿಯ ಬಲೆ

ಕಂಪನಿ ನಷ್ಟದಲ್ಲಿದ್ದರೆ ಪಿಇ ಋಣ ಸಂಖ್ಯೆ ಬರುತ್ತದೆ. ಅದಕ್ಕೆ ಅರ್ಥವಿಲ್ಲ, ಆ ಜಾಗ ಖಾಲಿ ಬಿಡಿ. ಲಾಭ ಸೊನ್ನೆಯ ಹತ್ತಿರ ಬಂದಾಗ ಪಿಇ 200, 300 ಎಂದು ಹಾರಿಬಿಡುತ್ತದೆ. ಇಡೀ ಮಾರುಕಟ್ಟೆಗೇ ಹೀಗಾದದ್ದುಂಟು. 2009ರ ಮಾರ್ಚ್‌ನಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ 12 ವರ್ಷಗಳಲ್ಲೇ ಅತಿ ಕೆಳಮಟ್ಟಕ್ಕೆ ಇಳಿದಿತ್ತು. ಕೆಲವೇ ತಿಂಗಳಲ್ಲಿ ಅದರ ಪಿಇ 100 ದಾಟಿತು. ಬ್ಯಾಂಕುಗಳ ಭಾರೀ ನಷ್ಟದಿಂದ ಕಂಪನಿಗಳ ಒಟ್ಟು ಲಾಭ ಕರಗಿಹೋಗಿದ್ದೇ ಅದಕ್ಕೆ ಕಾರಣ. ‘ಪಿಇ 100 ಇದೆ, ಬಹಳ ದುಬಾರಿ’ ಎಂದು ಆಗ ದೂರ ಉಳಿದವರು ಮುಂದಿನ ದೊಡ್ಡ ಏರಿಕೆಯನ್ನು ತಪ್ಪಿಸಿಕೊಂಡರು.

ಇಂಥ ಒಂದೆರಡು ತಿಂಗಳು ಸಾಕು, ಸರಾಸರಿ ಕೆಟ್ಟುಹೋಗುತ್ತದೆ. ಪಿಇಗಳು 15, 18, 20, 22, 300 ಎಂದುಕೊಳ್ಳಿ. ಸರಾಸರಿ 75. ಕಂಪನಿ ಆ ಸುತ್ತಮುತ್ತ ಯಾವತ್ತೂ ಇರಲೇ ಇಲ್ಲ, ಅಲ್ವಾ? ಮೀಡಿಯನ್, ಅಂದರೆ ಸಾಲಾಗಿ ಜೋಡಿಸಿದಾಗ ಮಧ್ಯದಲ್ಲಿ ಬರುವ ಸಂಖ್ಯೆ, 20. ಅದನ್ನೇ ಬಳಸಿ. ನಷ್ಟದ ವರ್ಷಗಳನ್ನೂ ಲೆಕ್ಕಕ್ಕೆ ತರಬೇಕಾದರೆ ಅನುಪಾತವನ್ನು ತಿರುಗಿಸಿ: ಇಪಿಎಸ್ ÷ ಬೆಲೆ. ಇದಕ್ಕೆ ಅರ್ನಿಂಗ್ಸ್ ಯೀಲ್ಡ್ ಎಂದು ಹೆಸರು. ಇದರಲ್ಲಿ ನಷ್ಟವೂ ಸರಿಯಾಗಿ ಋಣ ಸಂಖ್ಯೆಯಾಗಿ ಕೂರುತ್ತದೆ, ಯಾವುದೂ ಆಕಾಶಕ್ಕೆ ಹಾರುವುದಿಲ್ಲ. ಮೇಲಿನ ಐದು ಸಂಖ್ಯೆಗಳನ್ನೇ ತಿರುಗಿಸಿ, ಸರಾಸರಿ ಮಾಡಿ, ಮತ್ತೆ ತಿರುಗಿಸಿದರೆ ಸುಮಾರು 22.6 ಬರುತ್ತದೆ. ಇದು ಒಪ್ಪುವ ಉತ್ತರ.

ಮೀಡಿಯನ್ ಜೊತೆಗೆ 25ನೇ ಮತ್ತು 75ನೇ ಪರ್ಸೆಂಟೈಲ್ ಕೂಡ, ಅಂದರೆ ಶೇ 25ರಷ್ಟು ಮತ್ತು ಶೇ 75ರಷ್ಟು ತಿಂಗಳುಗಳ ಪಿಇ ಯಾವ ಸಂಖ್ಯೆಗಿಂತ ಕೆಳಗಿತ್ತೋ ಅವನ್ನು, ಬರೆದುಕೊಳ್ಳಿ. ಅರ್ಧದಷ್ಟು ತಿಂಗಳುಗಳಲ್ಲಿ ಪಿಇ ಈ ಎರಡರ ನಡುವೆ ಇತ್ತು ಎಂದು ಗೊತ್ತಾಗುತ್ತದೆ. ಆದರೆ 120 ತಿಂಗಳ ಸಾಲು ನೋಡಿ ಮೈಮರೆಯಬೇಡಿ. ಒಂದು ತಿಂಗಳಿನ ಟಿಟಿಎಂಗೂ ಮುಂದಿನ ತಿಂಗಳಿನದಕ್ಕೂ ಹೆಚ್ಚಿನ ಭಾಗ ಒಂದೇ. ಹತ್ತು ವರ್ಷದಲ್ಲಿ ನಿಜವಾಗಿ ಒಂದೋ ಎರಡೋ ಏರಿಳಿತದ ಸುತ್ತು ಇರಬಹುದು, ಅಷ್ಟೇ.

ಹಂತ 5: ಬೆಲೆ ಏರಿದ್ದಕ್ಕೆ ಕಾರಣ ಬಿಡಿಸಿ

ಒಂದು ಅವಧಿಯಲ್ಲಿ ಬೆಲೆ ಎಷ್ಟು ಪಟ್ಟು ಆಯಿತೋ ಅದು ಎರಡು ಸಂಖ್ಯೆಗಳ ಗುಣಲಬ್ಧ: ಇಪಿಎಸ್ ಎಷ್ಟು ಪಟ್ಟು ಆಯಿತು × ಪಿಇ ಎಷ್ಟು ಪಟ್ಟು ಆಯಿತು. ಈ ಒಂದು ಸಾಲಿನ ಲೆಕ್ಕ ತೋರಿಸುವಷ್ಟನ್ನು ಯಾವ ಗ್ರಾಫೂ ತೋರಿಸುವುದಿಲ್ಲ. ಮತ್ತೆ ಮೈಕ್ರೋಸಾಫ್ಟನ್ನೇ ತೆಗೆದುಕೊಳ್ಳೋಣ. ಅದರ ಲೆಕ್ಕದ ವರ್ಷ ಜೂನ್‌ಗೆ ಮುಗಿಯುವುದರಿಂದ ಆ ತಿಂಗಳ ಕೊನೆಯ ಬೆಲೆ ಹಾಕಿದ್ದೇನೆ. ಎಲ್ಲವೂ ಡಾಲರ್‌ನಲ್ಲಿ, 2003ರ ಸ್ಪ್ಲಿಟ್‌ಗೆ ಸರಿಪಡಿಸಿದ್ದು.

2000: ಬೆಲೆ 40, ಇಪಿಎಸ್ 0.85, ಪಿಇ 47
2011: ಬೆಲೆ 26, ಇಪಿಎಸ್ 2.69, ಪಿಇ 9.7
2021: ಬೆಲೆ 270.90, ಇಪಿಎಸ್ 8.05, ಪಿಇ 33.7

ಮೊದಲ 11 ವರ್ಷದಲ್ಲಿ ಇಪಿಎಸ್ ಸುಮಾರು 3.2 ಪಟ್ಟಾಯಿತು. ವರ್ಷಕ್ಕೆ ಶೇ 11ರ ಬೆಳವಣಿಗೆ, ಅಂದರೆ ಕಂಪನಿ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಪಿಇ ಐದನೇ ಒಂದು ಭಾಗಕ್ಕೆ ಇಳಿದದ್ದರಿಂದ ಬೆಲೆ ಶೇ 35ರಷ್ಟು ಬಿತ್ತು. ಮುಂದಿನ 10 ವರ್ಷದಲ್ಲಿ ಇಪಿಎಸ್ ಬಹುತೇಕ ಅಷ್ಟೇ, 3 ಪಟ್ಟಾಯಿತು. ಈ ಸಲ ಪಿಇಯೂ 3.5 ಪಟ್ಟು ಏರಿತು. ಬೆಲೆ ಹತ್ತು ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಯಿತು. ಇದರಲ್ಲಿ ಡಿವಿಡೆಂಡ್ ಸೇರಿಲ್ಲ. 2004ರಲ್ಲಿ ಕಂಪನಿ ಷೇರಿಗೆ 3 ಡಾಲರ್ ವಿಶೇಷ ಡಿವಿಡೆಂಡ್ ಕೊಟ್ಟಿತ್ತು. 1999ರ ಕೊನೆಯಲ್ಲಿ ಮುಟ್ಟಿದ್ದ ಎತ್ತರವನ್ನು ಬೆಲೆ ಮತ್ತೆ ದಾಟಿದ್ದು 2016ರ ಅಕ್ಟೋಬರ್‌ನಲ್ಲಿ.

ಲಾಭದ ಬೆಳವಣಿಗೆ ಎರಡೂ ಅವಧಿಯಲ್ಲಿ ಒಂದೇ ಥರ ಇತ್ತು. ಹೂಡಿಕೆದಾರರಿಗೆ ಸಿಕ್ಕಿದ್ದು ಮಾತ್ರ ತೀರಾ ಬೇರೆ. ಒಂದು ಕಂಪನಿಯ ಪಿಇ ಚರಿತ್ರೆ ಏಕೆ ನೋಡಬೇಕು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ಮೂರು ಸಾಲುಗಳನ್ನೇ. ನಿಮ್ಮ ಕಂಪನಿಗೂ ಇದೇ ರೀತಿ ಮೂರೋ ನಾಲ್ಕೋ ತಿರುವುಗಳ ನಡುವೆ ಲೆಕ್ಕ ಹಾಕಿ.

ಹಂತ 6: ಗ್ರಾಫ್ ಹಾಕಿ

ಬರೀ ಪಿಇ ಗ್ರಾಫ್ ಬೇಡ. ಟಿಟಿಎಂ ಇಪಿಎಸ್ಸನ್ನು 10, 15, 20, 25, 30ರಿಂದ ಗುಣಿಸಿ ಐದು ಗೆರೆ ಎಳೆಯಿರಿ. ಅವುಗಳ ಮೇಲೆ ನಿಜವಾದ ಬೆಲೆಯ ಗೆರೆ ಹಾಕಿ. ಇದಕ್ಕೆ ಪಿಇ ಬ್ಯಾಂಡ್ ಚಾರ್ಟ್ ಎನ್ನುತ್ತಾರೆ. ಐದೂ ಗೆರೆ ಒಟ್ಟಿಗೆ ಮೇಲೇರುತ್ತಿದ್ದರೆ ಲಾಭ ಬೆಳೆಯುತ್ತಿದೆ. ಗೆರೆಗಳು ಮಲಗಿದ್ದು, ಬೆಲೆ ಮಾತ್ರ 15ರ ಗೆರೆಯಿಂದ 30ರ ಗೆರೆಗೆ ಹತ್ತುತ್ತಿದ್ದರೆ ಬೆಳೆಯುತ್ತಿರುವುದು ಜನರ ನಿರೀಕ್ಷೆ. ಲಂಬ ಅಕ್ಷಕ್ಕೆ ಲಾಗ್ ಸ್ಕೇಲ್ (ಪ್ರತಿ ದುಪ್ಪಟ್ಟಿಗೂ ಒಂದೇ ಅಂತರ ತೋರಿಸುವ ಅಳತೆ) ಇಡಿ, ಇಲ್ಲದಿದ್ದರೆ ಹಳೆಯ ವರ್ಷಗಳು ತಳದಲ್ಲಿ ಅಂಟಿಕೊಂಡು ಕಾಣುವುದೇ ಇಲ್ಲ.

ಹಂತ 7: ಸೈಕ್ಲಿಕಲ್ ಕಂಪನಿಯಾದರೆ ಉಲ್ಟಾ ಓದಿ

ಉಕ್ಕು, ಸಿಮೆಂಟ್, ಹಡಗು ಸಾಗಣೆ, ರಾಸಾಯನಿಕ, ಗಣಿ, ಮೆಮೊರಿ ಚಿಪ್ ಮುಂತಾದ ಉದ್ಯಮಗಳಲ್ಲಿ ಲಾಭ ಏರಿಳಿಯುತ್ತಲೇ ಇರುತ್ತದೆ. ಒಂದು ಕಲ್ಪಿತ ಉಕ್ಕಿನ ಕಂಪನಿ ತೆಗೆದುಕೊಳ್ಳಿ. ಒಳ್ಳೆಯ ವರ್ಷ ಇಪಿಎಸ್ 80, ಬೆಲೆ 480, ಪಿಇ 6. ಕೆಟ್ಟ ವರ್ಷ ಇಪಿಎಸ್ 6, ಬೆಲೆ 240, ಪಿಇ 40. ಪಿಇ ಮಾತ್ರ ನೋಡಿದವರು 480ಕ್ಕೆ ಅಗ್ಗ ಎಂದು ಕೊಳ್ಳುತ್ತಾರೆ, 240ಕ್ಕೆ ದುಬಾರಿ ಎಂದು ಮಾರುತ್ತಾರೆ. ನಿಕೋಲಸ್ ಮೊಲೊಡೊವ್ಸ್ಕಿ ಎಂಬ ವಿಶ್ಲೇಷಕ 1953ರಲ್ಲೇ ಇದರ ಬಗ್ಗೆ ಬರೆದರು. ಇವತ್ತಿಗೂ ಇದನ್ನು ಮೊಲೊಡೊವ್ಸ್ಕಿ ಪರಿಣಾಮ ಎಂದೇ ಕರೆಯುತ್ತಾರೆ.

ಇದಕ್ಕೆ ಪರಿಹಾರ ಹಳೆಯದು. ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ತಮ್ಮ ಹೂಡಿಕೆ ಪುಸ್ತಕದಲ್ಲಿ 1934ರಲ್ಲೇ ಒಂದು ವರ್ಷದ ಲಾಭ ಸಾಲದು, ಕನಿಷ್ಠ ಐದು, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷದ ಸರಾಸರಿ ನೋಡಿ ಎಂದಿದ್ದರು. ನಮ್ಮ ಉಕ್ಕಿನ ಕಂಪನಿಯ ಹತ್ತು ವರ್ಷದ ಸರಾಸರಿ ಇಪಿಎಸ್ 40 ಎಂದುಕೊಂಡರೆ, 480ರ ಬೆಲೆಗೆ ಪಿಇ 12, 240ರ ಬೆಲೆಗೆ 6. ಈಗ ಯಾವುದು ಅಗ್ಗ ಎಂದು ಸರಿಯಾಗಿ ಕಾಣುತ್ತದೆ. ಇದೇ ಯೋಚನೆಯನ್ನು ಇಡೀ ಮಾರುಕಟ್ಟೆಗೆ ಅನ್ವಯಿಸಿ, ಹಣದುಬ್ಬರಕ್ಕೂ ಸರಿಪಡಿಸಿ ಜನಪ್ರಿಯ ಮಾಡಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್. ಅವರ ಹತ್ತು ವರ್ಷದ ಪಿಇ 1929ರಲ್ಲಿ 30 ದಾಟಿತ್ತು, 1999ರ ಕೊನೆಯಲ್ಲಿ 44 ಮುಟ್ಟಿತ್ತು. ಆದರೆ ವೇಗವಾಗಿ ಬೆಳೆಯುವ ಕಂಪನಿಗೆ ಈ ಸರಾಸರಿ ಸರಿಹೊಂದುವುದಿಲ್ಲ. ಹತ್ತು ವರ್ಷ ಹಿಂದಿನ ಚಿಕ್ಕ ಲಾಭಗಳು ಸೇರಿಕೊಂಡು ಪಿಇಯನ್ನು ಸುಮ್ಮನೆ ಉಬ್ಬಿಸುತ್ತವೆ.

ಹಂತ 8: ಹಳೆಯ ಮಟ್ಟಕ್ಕೆ ಮರಳಲೇಬೇಕಾ?

‘ಮೀಡಿಯನ್ 20, ಈಗ 30, ಹಾಗಾದರೆ ಇಳಿಯಲೇಬೇಕು’ ಎಂಬ ಅವಸರದ ತೀರ್ಮಾನ ಬೇಡ. ಪಿಇಯ ಹಿಂದೆ ಮೂರು ಸಂಗತಿ ಇವೆ: ಲಾಭದಲ್ಲಿ ಎಷ್ಟು ಭಾಗ ಡಿವಿಡೆಂಡ್ ಆಗಿ ಹಂಚಬಹುದು, ಹೂಡಿಕೆದಾರರು ಎಷ್ಟು ಪ್ರತಿಫಲ ಕೇಳುತ್ತಾರೆ, ಲಾಭ ಎಷ್ಟು ವೇಗದಲ್ಲಿ ಬೆಳೆಯುತ್ತದೆ. ಮುಂದಿನ ವರ್ಷದ ಲಾಭದ ಮೇಲೆ ನೋಡಿದರೆ ಸೂತ್ರ ಹೀಗೆ: ಹಂಚುವ ಭಾಗ ÷ (ಕೇಳುವ ಪ್ರತಿಫಲ − ಬೆಳವಣಿಗೆ). ಅರ್ಧ ಲಾಭ ಹಂಚುತ್ತಾರೆ, ಕೇಳುವ ಪ್ರತಿಫಲ ಶೇ 10, ಬೆಳವಣಿಗೆ ಶೇ 5 ಎಂದರೆ ಪಿಇ 10. ಕೇಳುವ ಪ್ರತಿಫಲ ಶೇ 9ಕ್ಕೆ ಇಳಿದು, ಬೆಳವಣಿಗೆ ಶೇ 6ಕ್ಕೆ ಏರಿದರೆ ಪಿಇ 16.7. ಎರಡು ಕಡೆ ಒಂದೊಂದು ಶೇಕಡಾ ಅಂಶದ ಬದಲಾವಣೆಗೆ ಇಷ್ಟು ದೊಡ್ಡ ಜಿಗಿತ. ಸೂತ್ರವನ್ನು ನಿಖರ ಬೆಲೆ ಕಂಡುಹಿಡಿಯಲು ಬಳಸಬೇಡಿ, ಪಿಇ ಏಕೆ ಇಷ್ಟು ಅಲುಗುತ್ತದೆ ಎಂದು ತಿಳಿಯಲು ಬಳಸಿ.

ಬಡ್ಡಿ ಇಳಿದರೆ ಪಿಇ ಏರುತ್ತದೆ ಎಂಬ ಮಾತನ್ನೂ ಕಣ್ಣು ಮುಚ್ಚಿ ನಂಬಬೇಡಿ. 2000ರ ಜೂನ್‌ನಲ್ಲಿ ಅಮೆರಿಕದ 10 ವರ್ಷದ ಸರ್ಕಾರಿ ಬಾಂಡ್ ಸುಮಾರು ಶೇ 6 ಕೊಡುತ್ತಿತ್ತು, 2011ರಲ್ಲಿ ಸುಮಾರು ಶೇ 3. ಬಡ್ಡಿ ಅರ್ಧ ಆದರೂ ಮೈಕ್ರೋಸಾಫ್ಟ್‌ನ ಪಿಇ 47ರಿಂದ 10ರ ಹತ್ತಿರಕ್ಕೆ ಬಿತ್ತು. ಈ ಕಂಪನಿಯ ಒಳ್ಳೆಯ ದಿನಗಳು ಮುಗಿದವು ಎಂಬ ಭಾವನೆ ಬಡ್ಡಿಯ ಸಹಾಯವನ್ನು ನುಂಗಿಹಾಕಿತ್ತು.

ಕಂಪನಿಯೊಳಗೆ ಏನು ಬದಲಾಯಿತು ಎಂದೂ ನೋಡಿ. ಷೇರು ಮರುಖರೀದಿ, ಅಂದರೆ ಕಂಪನಿ ತನ್ನ ಷೇರುಗಳನ್ನೇ ಕೊಂಡು ರದ್ದು ಮಾಡುವುದು, ನಡೆದಿದೆಯಾ? ಲಾಭ 1,000ದಲ್ಲೇ ನಿಂತು, ಷೇರುಗಳ ಸಂಖ್ಯೆ 100ರಿಂದ 80ಕ್ಕೆ ಇಳಿದರೆ ಇಪಿಎಸ್ 10ರಿಂದ 12.5 ಆಗುತ್ತದೆ. ವ್ಯವಹಾರ ಬೆಳೆಯದೆಯೇ ಶೇ 25ರ ‘ಬೆಳವಣಿಗೆ’. ಅದಕ್ಕೆ ಒಟ್ಟು ಲಾಭ ಮತ್ತು ಷೇರು ಸಂಖ್ಯೆಯ ಕಾಲಂಗಳೂ ಇರಲಿ. ಸಾಲ ಮಾಡಿ ಮರುಖರೀದಿ ಮಾಡಿದ್ದರೆ ಅಪಾಯವೂ ಏರಿರುತ್ತದೆ, ಪಿಇಯಲ್ಲಿ ಆ ಸಾಲ ಕಾಣುವುದಿಲ್ಲ. ಕೊನೆಗೆ, ಕಂಪನಿಯ ಪಿಇಯನ್ನು ಅದೇ ತಿಂಗಳ ಮಾರುಕಟ್ಟೆಯ ಪಿಇಯಿಂದ ಭಾಗಿಸಿ ಇನ್ನೊಂದು ಕಾಲಂ ಮಾಡಿ. ಕಂಪನಿಯ ಪಿಇ ಏರಿದ್ದರೂ ಈ ಅನುಪಾತ ಅಲ್ಲೇ ಇದ್ದರೆ, ಏರಿದ್ದು ಇಡೀ ಮಾರುಕಟ್ಟೆ.

ಹಂತ 9: ಮುಂದಿನ ಐದು ವರ್ಷಕ್ಕೆ ಲೆಕ್ಕ ಹಾಕಿ

ಈಗಿನ ಪಿಇ 30, ಲಾಭ ವರ್ಷಕ್ಕೆ ಶೇ 12 ಬೆಳೆಯುತ್ತದೆ ಎಂದುಕೊಳ್ಳಿ. ಐದು ವರ್ಷದಲ್ಲಿ ಇಪಿಎಸ್ 1.76 ಪಟ್ಟಾಗುತ್ತದೆ. ಪಿಇ 30ರಲ್ಲೇ ಉಳಿದರೆ ಬೆಲೆಯಿಂದ ಸಿಗುವುದೂ ವರ್ಷಕ್ಕೆ ಶೇ 12. ಪಿಇ 20ಕ್ಕೆ ಬಂದರೆ ಶೇ 3.3ಕ್ಕೆ ಇಳಿಯುತ್ತದೆ. 15ಕ್ಕೆ ಬಂದರೆ ವರ್ಷಕ್ಕೆ ಶೇ 2.5ರಷ್ಟು ನಷ್ಟ. ಇನ್ನೊಂದು ಕಂಪನಿಯ ಲಾಭ ಬರೀ ಶೇ 6 ಬೆಳೆಯುತ್ತದೆ, ಆದರೆ ಪಿಇ 15ರಲ್ಲಿ ಕೊಂಡದ್ದು 20ಕ್ಕೆ ಹೋಯಿತು ಎಂದರೆ ಅದೂ ವರ್ಷಕ್ಕೆ ಸುಮಾರು ಶೇ 12 ಕೊಡುತ್ತದೆ. ಇವೆಲ್ಲ ಡಿವಿಡೆಂಡ್ ಬಿಟ್ಟು ಹಾಕಿದ ಲೆಕ್ಕ.

ನಿಮ್ಮ ಹಾಳೆಯ 25ನೇ ಪರ್ಸೆಂಟೈಲ್, ಮೀಡಿಯನ್, 75ನೇ ಪರ್ಸೆಂಟೈಲ್ ಈ ಮೂರನ್ನೂ ಐದನೇ ವರ್ಷದ ಪಿಇ ಆಗಿ ಹಾಕಿ. ಪ್ರತಿಯೊಂದಕ್ಕೂ ಲಾಭದ ಬೆಳವಣಿಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಅಂದಾಜು ಕೊಡಿ. ಒಟ್ಟು ಒಂಬತ್ತು ಉತ್ತರ ಬರುತ್ತವೆ. ಬೆಳವಣಿಗೆಯ ಅಂದಾಜಿಗೆ ವಿಶ್ಲೇಷಕರ ಮುಂದಿನ ವರ್ಷದ ಇಪಿಎಸ್ ಸಿಕ್ಕರೆ ನೋಡಬಹುದು. ಆದರೆ ಅವರ ಹಳೆಯ ಅಂದಾಜುಗಳು ಎಷ್ಟು ಸರಿಹೋದವು ಎಂದು ಪರೀಕ್ಷಿಸಿದ ಮೇಲೆಯೇ ಬಳಸಿ. ಪ್ರತಿ ತ್ರೈಮಾಸಿಕದ ಫಲಿತಾಂಶ ಬಂದಾಗ ಹಾಳೆಗೆ ಒಂದು ಸಾಲು ಸೇರಿಸಿ, ಒಂಬತ್ತು ಉತ್ತರಗಳನ್ನು ಮತ್ತೆ ಲೆಕ್ಕ ಹಾಕಿ, ಪಿಇ ಬದಲಾಗಿದ್ದರೆ ಅದು ಬೆಲೆಯಿಂದಲೋ ಲಾಭದಿಂದಲೋ ಎಂದು ಕೊನೆಯ ಕಾಲಂನಲ್ಲಿ ಬರೆಯಿರಿ.